ಸಾರಥಿ, ಸೋರಠಿ

ಕಾವಲುಗಾರನೊಬ್ಬ ಒಂದು ಪದವನ್ನು ತಪ್ಪಾಗಿ ಕೇಳಿಸಿಕೊಂಡದ್ದರಿಂದ ಕುಷ್ಟಗಿ ಕಡೆಯ ದೊಡ್ಡಾಟ ನೇಪಾಳದ ಬೆಟ್ಟ ಹತ್ತಿತು. ಈ ಕಥೆಯನ್ನು ಹೇಳಬೇಕಾದವನು ನೀಲಪ್ಪ. ಕಾಡುಗೋಡಿಯ ಮುನಿಯಕ್ಕನ ವಠಾರದ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಅವನೇ ಹೇಳುತ್ತಿದ್ದ, ಪ್ರತಿ ಸಲವೂ ಒಂದಿಷ್ಟು ಹೊಸದು ಸೇರಿಸಿ. ಈ ವರ್ಷ ಶಿವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಎದೆ ಹಿಡಿದುಕೊಂಡು ಅದೇ ಕಟ್ಟೆಯ ಮೇಲೆ ಕೂತ. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟ. ಅವನ ಹಾಗೆ ಹೇಳಲು ನನಗೆ ಬಾರದು. ಆದರೂ ಕಂಡದ್ದನ್ನು ಬರೆದಿಡದೆ ಆ ಕಟ್ಟೆಯ ಮುಂದೆ ಹಾದುಹೋಗುವುದು ಕಷ್ಟವಾಗುತ್ತಿದೆ.

ನೀಲಪ್ಪ 2004ರಲ್ಲಿ ಹೆಂಡತಿ ಹೊಳೆವ್ವನ ಜೊತೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಿಂದ ಬಂದ. ವೈಟ್‌ಫೀಲ್ಡ್ ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ. ಅವನದು ಕಂಬಿ ಕಟ್ಟುವ ಕೆಲಸ. ಕಾಂಕ್ರೀಟು ಸುರಿಯುವ ಮೊದಲು ಕಬ್ಬಿಣದ ಕಂಬಿಗಳನ್ನು ಬಗ್ಗಿಸಿ, ತಂತಿಯಿಂದ ಬಿಗಿದು, ಪಿಲ್ಲರಿನ ಎಲುಬುಗೂಡು ನಿಲ್ಲಿಸುವುದು. ಊರಿನಲ್ಲಿ ಮಾತ್ರ ಅವನು ದೊಡ್ಡಾಟದ ಮಾಸ್ತರ. ದೊಡ್ಡಾಟವೆಂದರೆ ಬಯಲಿನಲ್ಲಿ ಆಡುವ ಹಾಡು ಕುಣಿತದ ನಾಟಕ. ಎತ್ತರದ ಕಿರೀಟ, ಹೆಗಲ ಮೇಲೆ ರೆಕ್ಕೆಯಂಥ ಭುಜಕೀರ್ತಿ, ಕಾಲಿಗೆ ಗೆಜ್ಜೆ ಕಟ್ಟಿದ ಅರಸರು ನೆಲ ನಡುಗುವಂತೆ ಕುಣಿದು ಬರುತ್ತಾರೆ. ಪಕ್ಕದಲ್ಲಿ ಮದ್ದಳೆ, ತಾಳ, ಹಾರ್ಮೋನಿಯಂ ಇಟ್ಟುಕೊಂಡು ಮಾಸ್ತರ ಹಾಡುತ್ತಾನೆ, ಹಾಡಿಸುತ್ತಾನೆ. ಆಡುವವರೆಲ್ಲ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಅವನ ಊರಿನ ಮೇಳ ನಿಂತುಹೋಯಿತು. ಕಿರೀಟಗಳ ಪೆಟ್ಟಿಗೆ ಗುಡಿಯ ಅಟ್ಟ ಸೇರಿತು.

ನೀಲಪ್ಪನಿಗೆ ಕಲಿಸಿದವರು ದ್ಯಾಮಣ್ಣ ಮಾಸ್ತರರು. ಅವರ ಮೇಳದಲ್ಲಿ ಒಂದು ನೇಮವಿತ್ತು. ಆಟ ಕಲಿತವನು ತನ್ನ ಮನೆಯವನಲ್ಲದ ಒಬ್ಬನಿಗಾದರೂ ಅದನ್ನು ಪೂರ್ತಿ ಕಲಿಸಬೇಕು, ಅವನೂ ಮತ್ತೊಬ್ಬರಿಗೆ ಕಲಿಸುವಷ್ಟು. ಅಲ್ಲಿಯವರೆಗೆ ಕೊನೆಯ ಸಲಕ್ಕೆಂದು ಗೆಜ್ಜೆ ಬಿಚ್ಚುವಂತಿಲ್ಲ. ಇದನ್ನು ಅವರು ದಾಟಿಸುವುದು ಎನ್ನುತ್ತಿದ್ದರು. ನೀಲಪ್ಪ ಯಾರಿಗೂ ದಾಟಿಸದೆ ಊರು ಬಿಟ್ಟಿದ್ದ. ಬೆಂಗಳೂರಿನಲ್ಲಿ ಅವನಿಗೆ ಬೇರೆ ಕಷ್ಟಗಳೂ ಇದ್ದವು. ಅವುಗಳ ಮಾತನ್ನೇ ಎತ್ತುತ್ತಿರಲಿಲ್ಲ. ಇದೊಂದರ ಮಾತು ಮಾತ್ರ ಬಿಡುತ್ತಿರಲಿಲ್ಲ.

ಕಾಡುಗೋಡಿ ನನ್ನ ಹುಟ್ಟೂರು. ಸ್ಟೇಷನ್ನಿನ ಹತ್ತಿರದ ಸಣ್ಣ ಗ್ರಂಥಾಲಯವನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೀಲಪ್ಪ ರವಿವಾರ ತನ್ನ ಜಿಲ್ಲೆಯ ಸುದ್ದಿ ಹುಡುಕಿಕೊಂಡು ಪೇಪರ್ ಓದಲು ಬರುತ್ತಿದ್ದ. ಒಮ್ಮೆ ನಾನು ತೆರೆದಿಟ್ಟಿದ್ದ ಯುರೋಪಿನ ಇತಿಹಾಸದ ಪುಸ್ತಕದಲ್ಲಿ ಗೋಡೆಚಿತ್ರವೊಂದನ್ನು ಕಂಡು, ಈ ಅರಸ ಯಾವ ಆಟದವನು ಎಂದು ಕೇಳಿದ. ನನಗೆ ಪ್ರಿಯವಾದ ವಿಷಯ. ಮರೆತುಹೋಗಿದ್ದ ವಿದ್ಯೆಯೊಂದು ಇಟಲಿಯ ಪಟ್ಟಣಗಳಲ್ಲಿ ಮತ್ತೆ ಚಿಗುರಿದ್ದು, ಪೂರ್ವದ ರಾಜಧಾನಿ ಬೀಳುವ ಹೊತ್ತಿಗೆ ಗ್ರೀಕ್ ಪಂಡಿತರು ಹಸ್ತಪ್ರತಿಗಳ ಗಂಟಿನೊಂದಿಗೆ ಅಲ್ಲಿಗೆ ಬಂದದ್ದು, ಅಲ್ಲಿ ಕಲಿತವರು ಹಿಮದ ಬೆಟ್ಟ ದಾಟಿ ಉತ್ತರದ ದೇಶಗಳಿಗೆ ಒಯ್ದದ್ದು, ಹೋದಲ್ಲೆಲ್ಲ ಅದು ಆಯಾ ನಾಡಿನ ಬಣ್ಣ ತಾಳಿದ್ದು, ಎಲ್ಲ ಹೇಳಿದೆ. ಅವನು ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದ.

"ಆ ಪಂಡಿತರ ಗಂಟು ಹೊತ್ತಾವ್ರು ಯಾರ್ರಿ ಸರ?"

ಪುಸ್ತಕದಲ್ಲಿ ಅದಿಲ್ಲ ಎಂದೆ. ಕೂಲಿ ಮಂದಿ ಇರಬೇಕು, ಅದಕ್ಕೇ ಬರೆದಿಲ್ಲ ಎಂದು ನಕ್ಕ. ಸ್ವಲ್ಪ ಹೊತ್ತಾದ ಮೇಲೆ ಪೇಪರ್ ಮಡಿಸುತ್ತ ಹೇಳಿದ: "ಅವರ ಕಡೆ ಗಂಟರ ಇತ್ರಿ. ನನ್ನ ಕಡೆ ಬಾಯಷ್ಟ ಐತಿ. ಇದು ಮುಚ್ಚಿದ್ರ ಎಲ್ಲಾ ಮುಚ್ಚಿದಂಗ."

ನಮ್ಮ ಸ್ನೇಹ ಶುರುವಾದದ್ದು ಅಂದು.

2009ರ ಬೇಸಿಗೆಯಲ್ಲಿ ಅವನು ಕಾಡುಗೋಡಿಯಲ್ಲೇ ಆಟ ಕಟ್ಟುತ್ತೇನೆಂದು ಹೊರಟ. ವಠಾರದ ಹಿಂದೆ ಮುನಿಯಕ್ಕ ಎಮ್ಮೆ ಕಟ್ಟುತ್ತಿದ್ದ ಖಾಲಿ ಜಾಗವಿತ್ತು. ಎಮ್ಮೆಗಳನ್ನು ಮಾರಿ ಬಾಡಿಗೆ ಕೋಣೆ ಕಟ್ಟಿಸಿದವಳು ಅವಳು, ಜಾಗ ಹಾಗೇ ಬಿದ್ದಿತ್ತು. ರಾತ್ರಿಯಿಡೀ ಆಟ ಎಂದಾಗ ಅವಳು ಒಪ್ಪಲಿಲ್ಲ. "ಅಂಗಲ್ಲ ಕಣಪ್ಪ, ರಾತ್ರಿ ಎಲ್ಲ ಡೋಲು ಬಡಿದ್ರೆ ಪೊಲೀಸ್ನೋರು ನನ್ನ ಬಾಗ್ಲಿಗೆ ಬರ್ತಾರೆ. ಅಗಲೊತ್ತು ಆಡ್ಕಳಿ" ಎಂದಳು. ಬಿಸಿಲಿನಲ್ಲಿ ಅರಸರು ಕುಣಿಯುತ್ತಾರೇನವ್ವಾ ಎಂದು ನೀಲಪ್ಪ ಬೇಸರಪಟ್ಟರೆ, "ಅರಸ್ರೇ ಅಲ್ವಾ? ಛತ್ರಿ ಇಡ್ಕಳಿ" ಎಂದು ಒಳಗೆ ಹೋದಳು. ಕೆಲಸಗಾರರಿಗೆ ಬಿಡುವು ಸಿಗುವುದೂ ರವಿವಾರವೇ. ಹೀಗಾಗಿ ಕತ್ತಲಲ್ಲಿ ಆಡುತ್ತಿದ್ದ ಆಟ ಕಾಡುಗೋಡಿಯಲ್ಲಿ ರವಿವಾರ ಮಧ್ಯಾಹ್ನದ ಆಟವಾಯಿತು.

ಕಥೆ ದ್ಯಾಮಣ್ಣ ಮಾಸ್ತರರು ಕಟ್ಟಿದ್ದು: ಕನಕಾವತಿಯ ಅರಸ ವೀರಕೇತು, ತಂಗಿಯನ್ನು ಕೊಟ್ಟ ದೇಶದ ಮೇಲೆಯೇ ದಂಡೆತ್ತಿ ಹೋಗಿ, ಕೋಟೆ ಬಾಗಿಲಲ್ಲಿ ತಂಗಿಯನ್ನೇ ಎದುರಿಸುವುದು. ವೀರಕೇತುವಿನ ಪಾತ್ರಕ್ಕೆ ನೀಲಪ್ಪನ ಅಕ್ಕನ ಮಗ ಸಿದ್ರಾಮ ಸಿಕ್ಕ. ಅವನೂ ಕಂಬಿ ಕಟ್ಟುವವನೇ, ಎತ್ತರದ ಆಳು. ಹೊಳೆವ್ವ ಟೆಕ್ ಪಾರ್ಕುಗಳ ಹಿಂದೆ ಎಸೆದಿದ್ದ ಥರ್ಮೋಕೋಲ್ ಆರಿಸಿ ತಂದು ಭುಜಕೀರ್ತಿ ಕೊಯ್ದಳು, ಅದಕ್ಕೆ ಸಿಹಿ ಡಬ್ಬಿಗಳ ಬಂಗಾರದ ಹಾಳೆ ಅಂಟಿಸಿದಳು. ಮೇಳದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಆದರೆ ಅಭ್ಯಾಸದ ಹೊತ್ತಿಗೆ ನೀಲಪ್ಪ ಪದ ಮರೆತು ನಿಂತರೆ ಒಳಗಿನಿಂದ ಮುಂದಿನ ಸಾಲು ಬರುತ್ತಿತ್ತು, ರೊಟ್ಟಿ ಬಡಿಯುವ ಸಪ್ಪಳದ ಜೊತೆಗೆ.

ಸಿಗದೆ ಉಳಿದವನು ಸಾರಥಿ. ದೊಡ್ಡಾಟದಲ್ಲಿ ಅರಸ ಮೊದಲು ಪರದೆಯ ಹಿಂದೆ ಕುಣಿಯುತ್ತಾನೆ. ಪರದೆ ಸರಿದ ಮೇಲೆ ಸಾರಥಿ ಎದುರಿಗೆ ಬಂದು, ತಾವು ಧಾರು, ಧಾವ ದೇಶದ ಅರಸರು ಎಂದು ಕೇಳುತ್ತಾನೆ. 'ಯಾರು' ಅಲ್ಲ, 'ಧಾರು', ಎದೆಯಿಂದ ಬರಬೇಕು. ಆಮೇಲೆಯೇ ಅರಸ ತನ್ನ ಹೆಸರು, ಊರು, ಪರಾಕ್ರಮ ಸಾರುವುದು. ಕಿರೀಟವಿಲ್ಲದ, ಬರೀ ಕೇಳುವ ಪಾತ್ರ. ಕೆಲಸಗಾರರ ಶೆಡ್ಡಿನ ಹುಡುಗರು ಯಾರೂ ಒಪ್ಪಲಿಲ್ಲ.

ಅವರು ಆಗ ಕೆಲಸ ಮಾಡುತ್ತಿದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಟೇಕ್ ಬಹಾದುರ್ ಎಂಬ ಕಾವಲುಗಾರನಿದ್ದ, ನೇಪಾಳದ ಗುಲ್ಮಿ ಜಿಲ್ಲೆಯ ಮಗರ್ ಜನಾಂಗದವನು. ಮೊದಲ ಬ್ಲಾಕಿಗೆ ಬಂದು ನೆಲೆಸಿದವರೆಲ್ಲ ಅವನನ್ನು ಬಹಾದೂರ್ ಎಂದು ಕರೆಯುತ್ತಿದ್ದರು, ಅವನಿಗೆ ಮುಂಚೆ ಇದ್ದವನನ್ನೂ ಹಾಗೇ ಕರೆದಿದ್ದರು. ನೀಲಪ್ಪ ಹೆಸರು ಕೇಳಿ ತಿಳಿದುಕೊಂಡು ಟೇಕಪ್ಪ ಎಂದು ಕರೆದ. ಅದೇ ನಿಂತಿತು. ಒಂದು ಸಂಜೆ ಗೇಟಿನಲ್ಲಿ ನಿಂತು, ನಮ್ಮ ಆಟಕ್ಕೆ ಸಾರಥಿಯೊಬ್ಬ ಸಿಗುತ್ತಿಲ್ಲ ಎಂದು ಸುಮ್ಮನೆ ಹೇಳಿಕೊಂಡ. ಟೇಕಪ್ಪನ ಮುಖ ಅರಳಿತು.

"ಸೋರಠಿ? ಅಣ್ಣಾ, ಸೋರಠಿ ನಂಗೆ ಬರುತ್ತೆ. ಚಿಕ್ಕವನು ಇದ್ದಾಗ ತುಂಬಾ ಮಾಡಿದೀನಿ."

ಸಾರಥಿ ಹಿಮಾಲಯದವರೆಗೂ ಹೋಗಿದ್ದಾನೆಂದು ನೀಲಪ್ಪ ಹಿರಿಹಿರಿ ಹಿಗ್ಗಿದ. ರವಿವಾರ ಟೇಕಪ್ಪ ಬಂದಾಗ ಕೊರಳಲ್ಲಿ ಒಂದು ಸಣ್ಣ ಚರ್ಮವಾದ್ಯ, ಕಂಕುಳಲ್ಲಿ ಒಂದು ಗಂಟು. ಗಂಟು ಬಿಚ್ಚಿದರೆ ಕೆಂಪು ಲಂಗ, ಸೊಂಟಪಟ್ಟಿ, ದಾವಣಿಯಂಥ ಬಟ್ಟೆ. ಸಿದ್ರಾಮ ನಗು ತಡೆಯಲಾರದೆ ಕೇಳಿದ: "ಮಾವಾ, ನಿನ್ನ ಸಾರಥಿ ಲಂಗ ತಂದಾನ. ಇಂವ ರಥ ಹೊಡಿತಾನೋ, ಮದುವಿಗೆ ಹೊಂಟಾನೋ?"

ಅಭ್ಯಾಸಕ್ಕೆ ಬಂದವರೆಲ್ಲ ಬಿದ್ದು ನಕ್ಕರು. ಸಾರಥಿ ಬೇರೆ, ಸೋರಠಿ ಬೇರೆ ಎಂದು ಎರಡೂ ಕಡೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸೋರಠಿ ಎಂಬುದು ಅವರ ಬೆಟ್ಟದ ಊರುಗಳ ಹಾಡು ಕುಣಿತ. ಹೊಳೆಯ ಪಾಲಾದ ರಾಜಕುಮಾರಿಯೊಬ್ಬಳ ಕಥೆ. ಗಂಡಸರೇ ಹೆಣ್ಣಿನ ಉಡುಪು ತೊಟ್ಟು ಕುಣಿಯುತ್ತಾರೆ. ಟೇಕಪ್ಪ ನಾಚಿ ಗಂಟು ಕಟ್ಟತೊಡಗಿದ. ನೀಲಪ್ಪ ಅವನ ಕೈ ಹಿಡಿದ.

"ಬಂದೀಯಲ್ಲ, ಕುಣಿ. ನೋಡೂಣು."

ಅಂದು ದೊಡ್ಡಾಟದ ಅಭ್ಯಾಸ ನಡೆಯಲೇ ಇಲ್ಲ. ಟೇಕಪ್ಪ ಕುಣಿದ. ಗೇಟಿನಲ್ಲಿ ಸಲಾಮು ಹೊಡೆಯುವ ಆ ಬಿಗಿ ಮೈ ಹೇಗೆ ಅಷ್ಟು ಮೆತ್ತಗಾಯಿತೋ ತಿಳಿಯದು. ಹಾಡು ಒಂದಕ್ಷರ ಅರ್ಥವಾಗದಿದ್ದರೂ ಹುಡುಗರು ನಗು ನಿಲ್ಲಿಸಿ ನೆಲಕ್ಕೆ ಕೂತರು. ಮುಗಿದ ಮೇಲೆ ನೀಲಪ್ಪ ಆ ವಾದ್ಯ ತೆಗೆದುಕೊಂಡು ಎರಡೂ ಮಗ್ಗುಲು ಬಡಿದು ನೋಡಿ, ಇದರ ಹೆಸರೇನೆಂದು ಕೇಳಿದ. ಮಾದಲ್ ಎಂದ ಟೇಕಪ್ಪ. ನೀಲಪ್ಪ ತನ್ನ ಮದ್ದಳೆಯನ್ನು ಅದರ ಪಕ್ಕ ಇಟ್ಟು ನನ್ನ ಕಡೆ ನೋಡಿದ. "ಅಣ್ಣ ತಮ್ಮ ಇದ್ದಂಗ ಅದಾವಲ್ರಿ ಸರ. ಇದನ್ನ ಯಾರು ಹೊತ್ತು ದಾಟಿಸಿದ್ರು?"

ಟೇಕಪ್ಪನ ಊರಿನಲ್ಲೂ ಕುಣಿತ ನಿಂತಿತ್ತು. ಕುಣಿಯುವವರು ಮಲೇಷಿಯಾ, ಕತಾರ್, ದೆಹಲಿ, ಬೆಂಗಳೂರಿಗೆ ಹೋಗಿದ್ದರು. ಎರಡು ಊರಿನ ಕಥೆಯೂ ಒಂದೇ ಎಂದು ತಿಳಿದ ಮೇಲೆ ನೀಲಪ್ಪ ಅವನನ್ನು ಬಿಡಲಿಲ್ಲ. ಆ ಮಳೆಗಾಲ ಪೂರ್ತಿ ಪಾಳಿ ಮುಗಿಸಿ ಟೇಕಪ್ಪ ವಠಾರಕ್ಕೆ ಬಂದು ಕೂರುತ್ತಿದ್ದ. ಶೆಡ್ಡಿನ ಹುಡುಗರ ಬಾಯಲ್ಲಿ ತೆಳ್ಳಗಾಗುತ್ತಿದ್ದ 'ಧಾರು' ಅವನ ನೇಪಾಳಿ ನಾಲಿಗೆಯಲ್ಲಿ ಗುಡುಗಿದಂತೆ ಹೊರಡುತ್ತಿತ್ತು. ಸಾರಥಿಯ ಮಾತಷ್ಟೇ ಅಲ್ಲದೆ ಎಲ್ಲರ ಪದ, ಎಲ್ಲರ ಹೆಜ್ಜೆ ಕಲಿತ. ದಾಟಿಸುವುದೆಂದರೆ ಇವನಿಗೇ ಎಂದು ನೀಲಪ್ಪ ನನ್ನೊಬ್ಬನ ಹತ್ತಿರ ಹೇಳಿದ. ಕನ್ನಡ ಅರ್ಧ ಬರುವ ಪರದೇಶದವನು, ಎಂದು ಬೇಕಾದರೂ ಹೊರಟುಹೋಗುವವನು ಎಂದೆ. "ಹೋಗಲಿ ಅಂತನ ಕಲಸೋದ್ರಿ" ಎಂದ.

ದಸರೆ ಮುಗಿದ ರವಿವಾರ ಆಟ. ಎಮ್ಮೆ ಜಾಗ ತುಂಬಿಹೋಗಿತ್ತು. ಉತ್ತರ ಕರ್ನಾಟಕದವರು ಅರ್ಧ. ಉಳಿದವರು ಒಡಿಶಾ, ಬಂಗಾಳ, ಬಿಹಾರ, ಆಂಧ್ರದವರು, ನೇಪಾಳದ ಕಾವಲುಗಾರರು. ಮುನಿಯಕ್ಕ ಕುರ್ಚಿ ಹಾಕಿಸಿಕೊಂಡು ಮುಂದೆಯೇ ಕೂತಿದ್ದಳು. ನೀಲಪ್ಪ ಹಾಡೆತ್ತಿದ. ಪರದೆ ಸರಿಯಿತು. ಬಿಸಿಲಿಗೆ ಭುಜಕೀರ್ತಿ ಝಗ್ಗೆಂದು ಹೊಳೆಯಿತು. ಕಣ್ಣು ಕುಕ್ಕಿದ ಜನ ಹೋ ಎಂದರು. ಸಿದ್ರಾಮ ಕುಣಿದು ಬಂದು ಎದೆ ಸೆಟೆಸಿ ನಿಂತ. ಟೇಕಪ್ಪ ಎದುರಿಗೆ ಬಂದ. ಅಷ್ಟು ಜನರನ್ನು ನೋಡಿ ಕಲಿತದ್ದೆಲ್ಲ ಹಾರಿಹೋಗಿ, ಗೇಟಿನಲ್ಲಿ ದಿನವೂ ಆಡುವ ಮಾತೇ ಹೊರಬಿತ್ತು.

"ಯಾರ ಮನೆಗೆ ಸಾರ್? ಫ್ಲಾಟ್ ನಂಬರ್ ಹೇಳಿ."

ಆ ಜಾಗವೇ ಒಡೆದುಹೋಗುವಂಥ ನಗು. ಅಲ್ಲಿ ಆ ಪ್ರಶ್ನೆಗೆ ನಿಂತು ಉತ್ತರ ಕೊಡದವರು ಒಬ್ಬರೂ ಇರಲಿಲ್ಲ. ತಾವೇ ಕಟ್ಟಿದ ಮನೆಗಳ ಗೇಟಿನಲ್ಲಿ, ಊಟದ ಡಬ್ಬಿ ಹಿಡಿದು, ಸಹಿ ಹಾಕಿ, ಕಾದು ನಿಂತವರು. ನೀಲಪ್ಪನ ಮುಖ ಕಪ್ಪಿಟ್ಟಿತು. ತಾಳ ನಿಲ್ಲಿಸಿದ. ಆಟ ಕೆಟ್ಟಿತೆಂದು ನಾನೂ ಎಣಿಸಿದೆ. ಸಿದ್ರಾಮ ಮಾತ್ರ ಅಲುಗಲಿಲ್ಲ. ನಗು ಇಳಿಯುವವರೆಗೆ ಕಾದು, ಕತ್ತಿ ಎತ್ತಿ, ದೊಡ್ಡಾಟದ ಅದೇ ದೊಡ್ಡ ದನಿಯಲ್ಲಿ ಹೇಳಿದ:

"ಎಲೈ ಸಾರಥಿಯೇ, ಈ ಸೀಮೆಯ ಮಹಲುಗಳಿಗೆ ಎಲುಬು ಕಟ್ಟಿದ ಕನಕಾವತಿಯ ವೀರಕೇತು ನಾನು. ನನ್ನ ಕೈ ಹಾಯದ ಫ್ಲಾಟು ಒಂದಿದ್ದರೆ ಅದರ ನಂಬರು ನೀನೇ ಹೇಳುವಂಥವನಾಗು."

ಜನ ಎದ್ದು ನಿಂತರು. ಕನ್ನಡ ಬಾರದವರಿಗೆ ಪಕ್ಕದವರು ಹೇಳಿ, ಅವರು ತಡವಾಗಿ ಎದ್ದು, ಕೂಗು ಮತ್ತೆ ಮೇಲೆ ಹೋಯಿತು. ಮದ್ದಳೆಯವನು ತಾನಾಗಿಯೇ ಬಾರಿಸತೊಡಗಿದ. ಆಟ ಓಡಿತು. ಹೊತ್ತು ಮುಳುಗುವವರೆಗೆ ಯಾರೂ ಕದಲಲಿಲ್ಲ.

ಮುಗಿದ ಮೇಲೆ ಟೇಕಪ್ಪ ಅಳುಮುಖ ಮಾಡಿಕೊಂಡು ನೀಲಪ್ಪನ ಮುಂದೆ ನಿಂತ. ನೀಲಪ್ಪ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೇಳುವವನು ಇಲ್ಲದಿದ್ದರೆ ಪರದೆ ಹಿಂದಿನವನು ಕಿರೀಟ ಹೊತ್ತ ಕೂಲಿಯಷ್ಟೇ ಎಂದು ದ್ಯಾಮಣ್ಣ ಮಾಸ್ತರರು ಹೇಳುತ್ತಿದ್ದರೆಂದೂ, ತಾನು ಅದನ್ನು ಇಷ್ಟು ವರ್ಷ ಬರೀ ಮಾತು ಅಂದುಕೊಂಡಿದ್ದೆನೆಂದೂ ಹೇಳಿದ. "ಮುಂದಿನ ಸಲನೂ ಹಂಗ ಕೇಳು. ಅದರ ಬೆನ್ನಿಗೆ 'ಧಾರು' ಅನ್ನೂದನ್ನೂ ಕೇಳು. ಎರಡೂ ಬೇಕು."

ಆ ಒಂದು ಮಾತಿನಿಂದ ಆಟ ಹೊಸದಾಯಿತು. ಎಲ್ಲಿ ಆಡಿದರೂ ಸಾರಥಿ ಮೊದಲು ಆ ಜಾಗದ ಗೇಟಿನ ಪ್ರಶ್ನೆ ಕೇಳುವುದು, ಆ ಜಾಗದವರ ಭಾಷೆಯಲ್ಲಿ ಕೇಳುವುದು ರೂಢಿಯಾಯಿತು. ದೊಡ್ಡನೆಕ್ಕುಂದಿಯ ಕಾರ್ಖಾನೆಗಳ ಹಿಂದೆ ಒಡಿಯಾ ಹುಡುಗನೊಬ್ಬ ಸಾರಥಿಯಾಗಿ ಗೇಟ್ ಪಾಸ್ ಕೇಳಿದ. ಇಮ್ಮಡಿಹಳ್ಳಿಯಲ್ಲಿ ಬಂಗಾಳಿಯವನೊಬ್ಬ ವೀರಕೇತುವಿನ ಊಟದ ಡಬ್ಬಿ ತೆರೆಸಿ ನೋಡಿದ. ಟೇಕಪ್ಪನ ಮಾದಲ್ ಮದ್ದಳೆಯ ಪಕ್ಕದಲ್ಲಿ ಖಾಯಂ ಜಾಗ ಹಿಡಿಯಿತು. ಊರಿನಿಂದ ನೋಡಲು ಬಂದ ಹಿರಿಯರೊಬ್ಬರು ಇದು ದೊಡ್ಡಾಟವೇ ಅಲ್ಲ ಎಂದು ಮೂಗು ಮುರಿದರು. ಮರುವರ್ಷ ಅವರ ಊರಿನಲ್ಲೇ ಅಟ್ಟದ ಪೆಟ್ಟಿಗೆ ಇಳಿಸಿದ ಸುದ್ದಿ ಬಂತು.

2012ರಲ್ಲಿ ಟೇಕಪ್ಪ ತಂದೆಗೆ ಹುಷಾರಿಲ್ಲವೆಂದು ಗುಲ್ಮಿಗೆ ಹೋದವನು ಮರಳಿ ಬರಲಿಲ್ಲ. ಅಲ್ಲಿಯೇ ಹೊಲ ನೋಡಿಕೊಂಡು ಉಳಿದ. ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ಅಪರೂಪವಾಯಿತು. ನೀಲಪ್ಪ ದಾಟಿಸುವ ಮಾತು ಎತ್ತುವುದನ್ನೇ ಬಿಟ್ಟ. ಹುಡುಗರು ಬರುತ್ತಿದ್ದರು, ಒಂದು ಪಾತ್ರ ಕಲಿತು ಬೇರೆ ಸೈಟಿಗೆ ಹೋಗುತ್ತಿದ್ದರು. ಪೂರ್ತಿ ಕಲಿತವನು ಅವನೊಬ್ಬನೇ. ಅವನು ಹೋಗಿ ಸುಮ್ಮನಾದನೆಂದರೆ ದಾಟಿಸಿದ್ದು ಹೊಳೆಗೆ ಬಿದ್ದಂತೆ. 2014ರ ದಸರೆ ಮುಗಿದ ಮೇಲೆ ಟೇಕಪ್ಪನ ಫೋನು ಬಂತು. ಗುರುಗಳು ಒಮ್ಮೆ ಬರಬೇಕು, ಏನೆಂದು ಹೇಳುವುದಿಲ್ಲ ಎಂದ.

ನೀಲಪ್ಪ, ಸಿದ್ರಾಮ, ನಾನು ಮೂವರೂ ಹೊರಟೆವು. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಬಸ್ಸು, ಗಡಿ, ಮತ್ತೆ ಬೆಟ್ಟದ ಬಸ್ಸು. ಪಾಸ್‌ಪೋರ್ಟ್ ಬೇಡ ಎಂದರೆ ನೀಲಪ್ಪ ಗಡಿ ದಾಟುವವರೆಗೂ ನಂಬಲಿಲ್ಲ. ದಾಟಿದ ಮೇಲೆ ಹಿಂದೆ ತಿರುಗಿ ನೋಡಿ, "ದೇಶ ದಾಟೂದಂದ್ರ ಇಷ್ಟೇನಾ? ನಮ್ಮ ಸೈಟಿನ ಗೇಟು ಇದಕ್ಕಿಂತ ಬಿಗಿ ಐತಿ" ಎಂದ.

ಮೆಟ್ಟಿಲು ಮೆಟ್ಟಿಲಾದ ಹೊಲಗಳ ನಡುವೆ ಕೊಯ್ಲಾದ ಒಂದು ಗದ್ದೆಯಲ್ಲಿ ಊರೆಲ್ಲ ಸೇರಿತ್ತು. ಮಧ್ಯಾಹ್ನದ ಹೊತ್ತು. ಮಾದಲ್ ಶುರುವಾಯಿತು. ನಿಂತುಹೋಗಿದ್ದ ಅವರ ಸೋರಠಿ ಎದ್ದಿತ್ತು. ಆದರೆ ಕುಣಿತದವರು ಬರುವ ಮೊದಲು ಪರದೆ ಬಂತು. ಅವರಲ್ಲಿ ಪರದೆಯೇ ಇರಲಿಲ್ಲವಂತೆ. ಪರದೆಯ ಹಿಂದೆ ರಾಜ ಕುಣಿದ, ನಮ್ಮ ಹೆಜ್ಜೆ. ಪರದೆ ಸರಿಯಿತು. ಟೇಕಪ್ಪ ಸಾರಥಿಯಾಗಿ ಎದುರು ಬಂದು ಎದೆಯಿಂದ ದನಿ ಎತ್ತಿ ಕೇಳಿದ.

"ಕೋ ಹೋ? ವೀಸಾ ಛ?"

ನೀನು ಯಾರು, ವೀಸಾ ಇದೆಯಾ ಎಂದು. ಕತಾರಿನಿಂದ, ಮಲೇಷಿಯಾದಿಂದ ರಜೆಗೆ ಬಂದಿದ್ದ ಗಂಡಸರು ತೊಡೆ ತಟ್ಟಿಕೊಂಡು ನಕ್ಕರು. ಅವರ ಹೆಂಡಂದಿರು, ಮುದುಕರು, ಎಲ್ಲರೂ ನಕ್ಕರು. ರಾಜ ಕತ್ತಿ ಎತ್ತಿ ಉತ್ತರ ಸಾರಿದಾಗ ಆ ಗದ್ದೆ ಎದ್ದು ನಿಂತಿತು. ಕಾಡುಗೋಡಿಯ ಎಮ್ಮೆ ಜಾಗ ಎದ್ದು ನಿಂತದ್ದನ್ನು ನಾನು ಕಂಡಿದ್ದೆ. ಇದೂ ಅದೇ ಕೂಗು. ಟೇಕಪ್ಪ ನಮ್ಮದನ್ನು ನಕಲು ಮಾಡಿರಲಿಲ್ಲ. ತನ್ನ ಸೋರಠಿಯೊಳಗೆ ನಮ್ಮ ಸಾರಥಿಯನ್ನು ಇಳಿಸಿ, ತನ್ನ ಊರಿನ ಗೇಟನ್ನು ನಿಲ್ಲಿಸಿದ್ದ. ಇಟಲಿಯ ವಿದ್ಯೆ ಬೆಟ್ಟ ದಾಟಿ ಬೇರೆ ನಾಡಿನ ಬಣ್ಣ ತಾಳಿತೆಂದು ನಾನು ಓದಿ ಹೇಳಿದ್ದೆನಲ್ಲ, ಅದು ಹೇಗಿರುತ್ತದೆಂದು ಅಂದೇ ಕಣ್ಣಾರೆ ಕಂಡದ್ದು.

ನೀಲಪ್ಪ ಅಳುತ್ತಾನೆಂದು ನಾನು ಪಕ್ಕಕ್ಕೆ ತಿರುಗಿದರೆ ಅವನು ಅಲ್ಲಿರಲಿಲ್ಲ. ಗೆಜ್ಜೆ ಕಟ್ಟಿಕೊಂಡು ಗದ್ದೆಗೆ ಇಳಿದಿದ್ದ. ಐವತ್ತು ದಾಟಿದ ಆ ಕಂಬಿ ಕಟ್ಟುವ ಮನುಷ್ಯ ಇಡೀ ಗದ್ದೆ ಸುತ್ತಿ ಅರಸನ ಕುಣಿತ ಕುಣಿದ. ಮಾದಲಿನವರು ಅವನ ಹೆಜ್ಜೆ ಹಿಡಿಯಲು ಓಡಬೇಕಾಯಿತು. ಆಮೇಲೆ ಬದುವಿನ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು, ಟೇಕಪ್ಪನನ್ನು ಕರೆದು ಗೆಜ್ಜೆ ಬಿಚ್ಚಿದ. ನೇಮದ ಪ್ರಕಾರ ಕಲಿತವನು 'ದಾಟಿತು' ಎಂದು ಹೇಳಬೇಕು. ಟೇಕಪ್ಪ ಕೈಮುಗಿದು ಹೇಳಿದ.

"ಧಾಟಿತು, ಗುರುಗಳೇ."

"ಲೇ, ಇಲ್ಲಿ ದಕಾರ ಸಣ್ಣದು" ಎಂದ ನೀಲಪ್ಪ. ಆಗ ಅತ್ತ.

ಆಮೇಲಿನ ಒಂದೂಕಾಲು ವರ್ಷ ಅವನಷ್ಟು ಹಗುರಾಗಿದ್ದವರನ್ನು ನಾನು ಕಾಣೆ. ಹಾಗೇ ಹೋದ. ಊರಿಗೆ ಒಯ್ದರು. ಮಣ್ಣಿಗೆ ನಾನೂ ಹೋಗಿದ್ದೆ, ಮೇಳದವರು ಹಾಡಿಕೊಂಡೇ ಕರೆದೊಯ್ದರು. ಹೊಳೆವ್ವ ತಿಂಗಳಾದ ಮೇಲೆ ಕಾಡುಗೋಡಿಗೆ ಮರಳಿದಳು. ರವಿವಾರದ ಆಟ ನಿಂತಿತ್ತು. ಸಿದ್ರಾಮನಿಗೆ ಕುಣಿಯಲು ಬರುತ್ತದೆ, ಹಾಡಿಸಲು ಬರುವುದಿಲ್ಲ.

ಹೋದ ವಾರ ನನ್ನ ಫೋನಿಗೆ ಟೇಕಪ್ಪ ಒಂದು ವಿಡಿಯೋ ಕಳಿಸಿದ. ಅವನ ಕೈಯಲ್ಲಿ ಕಲಿತ ಊರಿನ ಹುಡುಗನೊಬ್ಬ ಕತಾರಿನ ಕೆಲಸಗಾರರ ಕ್ಯಾಂಪಿನಲ್ಲಿ ಶುಕ್ರವಾರದ ರಜೆಯಲ್ಲಿ ಆಡಿಸಿದ ಆಟ. ಸಾಲು ಶೆಡ್ಡುಗಳ ನಡುವೆ ಮರಳು, ಬಿಸಿಲು, ನೂರಾರು ಜನ. ಸಾರಥಿ ಬಾಂಗ್ಲಾದೇಶದವನಂತೆ. ಅರಸ ಬರುವ ಪದವನ್ನು ಎಲ್ಲರೂ ಸೇರಿ ಹಾಡುತ್ತಿದ್ದರು. ನಾಲ್ಕಾರು ನಾಲಿಗೆಗಳಲ್ಲಿ ಉರುಳಿ ಸವೆದಿದ್ದರೂ ಅದು ಕನ್ನಡವೇ. ಹಾಡುವವರಿಗೆ ಅದು ಗೊತ್ತಿರಲಾರದು.

ವಿಡಿಯೋ ತೋರಿಸಲು ವಠಾರಕ್ಕೆ ಹೋದೆ. ಹೊಳೆವ್ವ ಅಕ್ಕಿ ಆರಿಸುತ್ತಿದ್ದಳು. ಒಮ್ಮೆ ನೋಡಿದಳು. ಇನ್ನೊಮ್ಮೆ ಹಾಕಿಸಿ, ನೋಡದೆ, ಕಣ್ಣು ಮುಚ್ಚಿ ಕೇಳಿದಳು. ಸಮಾಧಾನದ ಮಾತು ಏನು ಹೇಳುವುದೆಂದು ನಾನು ಯೋಚಿಸುತ್ತಿದ್ದೆ.

"ಮೂರನೇ ಸಾಲಿನಾಗ ತಾಳ ಓಡಸ್ಯಾರ್ರಿ" ಎಂದಳು. "ಮಾಸ್ತರ ಇಲ್ಲಂತ ಹಿಂಗ ಓಡಸೋದೇನು? ಇದರಾಗ ನನ್ನ ದನಿ ಹಿಡಿಯಾಕ ಬರ್ತೈತೇನ್ರಿ?"

ಬರುತ್ತದೆ ಎಂದೆ. ಮೊರ ಪಕ್ಕಕ್ಕಿಟ್ಟು, ಸೆರಗು ಬಿಗಿ ಮಾಡಿ, ನೆಟ್ಟಗೆ ಕೂತು, ಕೈತಾಳ ಹಾಕುತ್ತ ಎತ್ತಿದಳು. ಅಷ್ಟು ವರ್ಷ ಒಳಗಿನಿಂದ ಒಂದೊಂದೇ ಸಾಲಾಗಿ ಬರುತ್ತಿದ್ದ ದನಿ ಅಂಗಳ ತುಂಬಿ ಬಂತು. ವಠಾರದ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಮುನಿಯಕ್ಕ ಮಹಡಿಯಿಂದ ಇಣುಕಿದಳು. ಸಿದ್ರಾಮ ಕೆಲಸದಿಂದ ಬಂದವನು ಡಬ್ಬಿ ಹಿಡಿದುಕೊಂಡೇ ನಿಂತ. ಪದ ಪೂರ್ತಿ ಮುಗಿದ ಮೇಲೆ ನಾನು ಅದನ್ನು ಟೇಕಪ್ಪನಿಗೆ ಕಳಿಸಿದೆ. ಗುಲ್ಮಿಯಿಂದ ಕತಾರಿಗೆ ಹೋಗಿ ಉತ್ತರ ಬರಲು ಹೆಚ್ಚು ಹೊತ್ತಾಗಲಿಲ್ಲ. ಮುಂದಿನ ಪದವನ್ನೂ ಹಾಡಿ ಕಳಿಸಬೇಕೆಂದು ಬೇಡಿಕೆ.

ಹೊಳೆವ್ವನಿಗೆ ಓದಿ ಹೇಳಿದೆ. ಅವಳು ಮೊರ ಎಳೆದುಕೊಂಡು ಅಕ್ಕಿಗೆ ಕೈ ಹಾಕಿದಳು.

"ಮೊದಲ ಇದನ್ನ ಸರಿ ಮಾಡಿ ಹಾಡಿ ಕಳಸ್ಲಿ ಅನ್ರಿ. ಕೇಳಿ ಹೇಳ್ತೀನಿ. ಆಮ್ಯಾಲ ಮುಂದಿಂದು."